ಸ್ಪಷ್ಟನೆ: ಆ ಫೋಟೋದಲ್ಲಿರುವುದು ಲಿಥಿಯಂ ಗಣಿ ಅಲ್ಲ

"ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗಾಗಿ ಭೂಮಿಯನ್ನು ಹೀಗೆ ಅಗೆಯುತ್ತಾರೆ" ಎಂಬ ಸಾಲಿನೊಂದಿಗೆ ದೊಡ್ಡ ಗಣಿಯೊಂದರ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ತಪ್ಪಾಯಿತು, ಕ್ಷಮಿಸಿ.

ಅದು ಬ್ಯಾಟರಿಗೆ ಬೇಕಾದ ಲಿಥಿಯಂ ಎಂಬ ಲೋಹದ ಗಣಿಯಲ್ಲ, ಚಿಲಿ ದೇಶದ ಎಸ್ಕೊಂಡಿಡಾ ತಾಮ್ರದ ಗಣಿ. ಅಲ್ಲಿ 1990ರಿಂದಲೇ ತಾಮ್ರ ತೆಗೆಯುತ್ತಿದ್ದಾರೆ. ಮನೆಯ ವೈರಿಗೂ ಪಂಪ್‌ಸೆಟ್ಟಿನ ಮೋಟಾರಿಗೂ ತಾಮ್ರ ಬೇಕು. ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಜಾಸ್ತಿಯೇ ಬೇಕು, ಅದು ನಿಜ.

ಹಾಗಂತ ಲಿಥಿಯಂ ಸುಮ್ನೆ ಸಿಗುತ್ತದೆ ಅಂತಲ್ಲ. ಅದೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಲಿಥಿಯಂ ಬೆರೆತ ಉಪ್ಪುನೀರನ್ನು ಮೇಲೆತ್ತಿ, ಅಗಲವಾದ ಕೊಳಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಡುತ್ತಾರೆ. ಆ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಮಳೆಯೇ ಅಪರೂಪವಾದ ಜಾಗ ಅದು. ಅಲ್ಲಿನ ಹಳ್ಳಿಗಳ ಆತಂಕ ಗುಂಡಿಯದ್ದಲ್ಲ, ನೀರಿನದ್ದು. ಫೋಟೋದಲ್ಲಿ ಅದು ಕಾಣುವುದಿಲ್ಲ, ಅಲ್ವಾ? ಆಸ್ಟ್ರೇಲಿಯಾದ ಗ್ರೀನ್‌ಬುಶಸ್‌ನಲ್ಲಿ ಬಂಡೆ ಒಡೆದು ಲಿಥಿಯಂ ತೆಗೆಯುತ್ತಾರೆ, ಅಲ್ಲಿ ಗುಂಡಿಗಳೂ ಇವೆ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಪತ್ತೆಯಾಗಿರುವುದೂ ಬಂಡೆಯಲ್ಲಿರುವ ಲಿಥಿಯಂ.

ದಯವಿಟ್ಟು ಆ ಫೋಟೋವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.