ಪಥ್ಯಕ್ಕೆ ಇನ್ನೊಂದು ಸುತ್ತು ಬಡಿಸಿ

ಬೂದುಗುಂಬಳಕಾಯಿಗೆ ನಮ್ಮ ಕಡೆ ಮುಖ್ಯವಾಗಿ ಎರಡು ಉದ್ಯೋಗಗಳಿದ್ದವು. ಕಟ್ಟುತ್ತಿರುವ ಮನೆಯ ಮುಂದೆ ಮೀಸೆ ಬರೆಸಿಕೊಂಡು ನೇತಾಡುವುದು, ಆಯುಧಪೂಜೆಯ ದಿನ ಕುಂಕುಮ ತುಂಬಿಸಿಕೊಂಡು ನಡುರಸ್ತೆಯಲ್ಲಿ ಒಡೆಸಿಕೊಂಡು ಸ್ಕೂಟರಿನವರನ್ನು ಬೀಳಿಸುವುದು. ಮಜ್ಜಿಗೆಹುಳಿ, ಕಾಶಿ ಹಲ್ವ ಎಂಬ ಉಪಕಸುಬುಗಳೂ ಇದ್ದವೆನ್ನಿ. ಈಗ ಅದಕ್ಕೆ ಬಡ್ತಿ ಸಿಕ್ಕಿದೆ. ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿನ ಗೇಟಿನ ಹೊರಗೆ ಹೋಗಿ ನೋಡಿ. ಸ್ಟೀಲಿನ ಡಬ್ಬಗಳ ಮುಂದೆ ಜನ ನ್ಯಾಯಬೆಲೆ ಅಂಗಡಿಯ ಕಾಲದ ಶಿಸ್ತಿನಲ್ಲಿ ನಿಂತಿರುತ್ತಾರೆ. ಬೂದುಗುಂಬಳದ ರಸ, ಹಾಗಲದ ರಸ, ಬಾಳೆದಿಂಡಿನ ರಸ, ಗರಿಕೆಯ ರಸ. ಗರಿಕೆ ಗಣಪತಿಯ ಪ್ರೀತಿಯ ವಸ್ತು ಎಂದು ಗೊತ್ತಿತ್ತು. ಆದರೆ ಹೊಟ್ಟೆ ಇಳಿಸಲು ಹೊರಟವರು ಆಹಾರದ ವಿಷಯದಲ್ಲಿ ಗಣಪತಿಯನ್ನೇ ಮಾದರಿಯಾಗಿಟ್ಟುಕೊಂಡರೆ ಫಲ ಏನು ಸಿಕ್ಕೀತು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ.

ನಮ್ಮ ಎದುರು ಮನೆಯ ರಾಯರು ಈ ಸಾಲಿನ ಹಳೆಯ ಸದಸ್ಯರು. ಮೂಗು ಹಿಡಿದು ಒಂದು ಲೋಟ ಬೂದುಗುಂಬಳದ ರಸ ಕುಡಿಯುತ್ತಾರೆ. ಅದರ ಪಕ್ಕದಲ್ಲೇ ಮೊಳಕೆಕಾಳು ಮಾರುವವನಿದ್ದಾನೆ. ಪಥ್ಯಕ್ಕೆ ಒಳ್ಳೆಯದೆಂದು ಒಂದು ದೊನ್ನೆ. ಆಮೇಲೆ ನನ್ನನ್ನೂ ಕರೆದುಕೊಂಡು ದರ್ಶಿನಿಗೆ ನಡೆಯುತ್ತಾರೆ. ಬೆಣ್ಣೆಯ ಮುದ್ದೆ ಜಾರುತ್ತಿರುವ ಮಸಾಲೆದೋಸೆಯನ್ನು ನಿಂತೇ ಮುರಿಯುತ್ತಾರೆ, ಏಕೆಂದರೆ ಕುಳಿತು ತಿಂದರೆ ದಪ್ಪವಾಗುತ್ತದಂತೆ. ‘ಅಲ್ಲ ರಾಯರೇ, ಈಗತಾನೆ ರಸ ಕುಡಿದಿರಲ್ಲ?’ ಎಂದು ಒಮ್ಮೆ ಕೇಳಿಯೂಬಿಟ್ಟೆ. ‘ರಸ ಇರುವುದು ಕೊಬ್ಬು ಕರಗಿಸುವುದಕ್ಕೆ. ಕರಗಿಸಲಿಕ್ಕೆ ಅದಕ್ಕೂ ಏನಾದರೂ ಕೊಡಬೇಡವೇ?’ ಎಂದರು. ಇದಕ್ಕೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ.

ಜಗತ್ತಿನಲ್ಲಿ ಪಥ್ಯವೆಂದರೆ ಏನನ್ನಾದರೂ ಬಿಡುವುದು. ನಮ್ಮಲ್ಲಿ ಸೇರಿಸುವುದು. ನನ್ನ ಅಡುಗೆಮನೆಯನ್ನೇ ನೋಡಿ. ಮೊದಲು ಬೆಳಿಗ್ಗೆ ಕಾಫಿ ಇತ್ತು. ಈಗ ಕಾಫಿಗೆ ಮೊದಲು ಜೀರಿಗೆ ನೀರು, ಅದಕ್ಕೂ ಮೊದಲು ನಿಂಬೆರಸ ಹಿಂಡಿದ ಬಿಸಿನೀರು, ಕಾಫಿಯ ನಂತರ ಕಾಫಿಯ ಪಾಪಪರಿಹಾರಕ್ಕಾಗಿ ಗ್ರೀನ್ ಟೀ. ಓಟ್ಸ್ ಬಂತು, ಉಪ್ಪಿಟ್ಟು ಹೋಗಲಿಲ್ಲ. ಓಟ್ಸಿನದೇ ಉಪ್ಪಿಟ್ಟಾಗಿ, ರವೆಯ ಉಪ್ಪಿಟ್ಟಿನ ಪಕ್ಕದಲ್ಲಿ ಕುಳಿತಿತು. ಮೆಕ್ಸಿಕೋ ಕಡೆಯ ಚಿಯಾ ಬೀಜ ಬಂತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳ ಕೃಪೆಯಿಂದ ಅದೀಗ ಎಚ್.ಡಿ. ಕೋಟೆಯ ಹೊಲಗಳಲ್ಲೂ ಬೆಳೆಯುತ್ತದೆ, ಸಂತೋಷ. ನಮ್ಮ ಅತ್ತೆಯವರು ಮಾತ್ರ ಅದನ್ನು ಕಾಮಕಸ್ತೂರಿ ಬೀಜವೆಂದೇ ತಿಳಿದು, ಬಾದಾಮಿ ಹಾಲಿಗೆ ನೆನೆಸಿ ಹಾಕಿ, ಮೇಲೆ ಎರಡು ಚಮಚ ಸಕ್ಕರೆ ಉದುರಿಸಿ ಕೊಡುತ್ತಾರೆ. ಎಂಟು ತಿಂಗಳ ಈ ಕಠಿಣ ತಪಸ್ಸಿನಲ್ಲಿ ನಾನು ಮೂರು ಕಿಲೋ ಏರಿದ್ದೇನೆ.

ಈ ಸೇರಿಸುವ ವಿದ್ಯೆಯ ಪರಾಕಾಷ್ಠೆಯನ್ನು ನಾನು ಕಂಡದ್ದು ಹಿಂದೊಮ್ಮೆ ನನ್ನ ಕಚೇರಿಯಲ್ಲಿ. ಜಿ.ಎಂ. ಡಯಟ್ ಎಂಬ ಏಳು ದಿನದ ಸಪ್ತಾಹವೊಂದು ಆಗ ಮೇಜಿನಿಂದ ಮೇಜಿಗೆ ಹರಡಿತು. ಮೊದಲ ದಿನ ಬಾಳೆಹಣ್ಣು ಬಿಟ್ಟು ಬೇರೆ ಹಣ್ಣುಗಳು, ಎರಡನೆಯ ದಿನ ತರಕಾರಿ, ಮೂರನೆಯ ದಿನ ಎರಡೂ, ನಾಲ್ಕನೆಯ ದಿನ ಎಂಟು ಬಾಳೆಹಣ್ಣು ಮತ್ತು ಮೂರು ಲೋಟ ಹಾಲು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1985ರಲ್ಲಿ ತನ್ನ ನೌಕರರಿಗಾಗಿ ಇದನ್ನು ಸಿದ್ಧಪಡಿಸಿತೆಂದು ಜೆರಾಕ್ಸ್ ಪ್ರತಿಯ ತಲೆಯ ಮೇಲೆ ಬರೆದಿತ್ತು. ಕಂಪನಿ ಹಾಗೆ ಮಾಡಿದ್ದಕ್ಕೆ ದಾಖಲೆ ಮಾತ್ರ ಯಾರ ಕೈಗೂ ಸಿಕ್ಕಿಲ್ಲ. ಕಾರು ಮಾಡುವವರು ಹೊಟ್ಟೆಯ ರಿಪೇರಿಯನ್ನೂ ಮಾಡಬಲ್ಲರೆಂದು ಲೆಕ್ಕಪತ್ರ ವಿಭಾಗದ ಹನ್ನೊಂದು ಜನ ನಂಬಿದರು.

ನಾಲ್ಕನೆಯ ದಿನ ಬಿಕ್ಕಟ್ಟು ತಲೆದೋರಿತು. ಎಂಟು ಬಾಳೆಹಣ್ಣು ಸರಿ, ಯಾವ ಬಾಳೆಹಣ್ಣು? ಅಮೆರಿಕದವರಿಗೆ ಬಾಳೆಹಣ್ಣೆಂದರೆ ಒಂದೇ ಜಾತಿ. ನಮಗೆ ಏಲಕ್ಕಿ, ಪಚ್ಚಬಾಳೆ, ನಂಜನಗೂಡಿನ ರಸಬಾಳೆ. ಹನ್ನೊಂದು ಗಂಟೆಗೆ ಕಡತಗಳನ್ನು ಬದಿಗೆ ಸರಿಸಿ ಚರ್ಚೆ ಶುರುವಾಯಿತು. ಒಂದು ಪಚ್ಚಬಾಳೆ ಎರಡು ಏಲಕ್ಕಿಗೆ ಸಮ, ಆದ್ದರಿಂದ ಹದಿನಾರು ಏಲಕ್ಕಿ ಎಂದು ಹಿರಿಯ ಗುಮಾಸ್ತರು ತೀರ್ಪಿತ್ತರು. ಅಷ್ಟರೊಳಗೆ ಎಂಟು ಪಚ್ಚಬಾಳೆಯನ್ನು ತಿಂದು ಮುಗಿಸಿದ್ದವರು ತಮಗೆ ಅನ್ಯಾಯವಾಗಬಾರದೆಂದು, ವ್ಯತ್ಯಾಸ ಸರಿದೂಗಿಸಲು, ತಲಾ ನಾಲ್ಕು ಏಲಕ್ಕಿ ತರಿಸಿಕೊಂಡರು. ಐದನೆಯ ದಿನದ ಪಟ್ಟಿಯಲ್ಲಿ ಆರು ಟೊಮೆಟೊ ಇತ್ತು. ಹಸಿ ಟೊಮೆಟೊ ಯಾರಿಗೂ ಸೇರಲಿಲ್ಲ. ಕ್ಯಾಂಟೀನಿನ ಟೊಮೆಟೊ ಬಾತಿನಲ್ಲಿ ಆರು ಟೊಮೆಟೊ ಹೊಟ್ಟೆಗೆ ಹೋಗಬೇಕಾದರೆ ಎಷ್ಟು ಪ್ಲೇಟು ತಿನ್ನಬೇಕೆಂದು ಅಡುಗೆಯವರನ್ನೇ ಕರೆಸಿ ಲೆಕ್ಕ ಹಾಕಿಸಲಾಯಿತು. ನಾಲ್ಕು ಪ್ಲೇಟು. ಏಳನೆಯ ದಿನ ಸಪ್ತಾಹದ ಮಂಗಳವೆಂದು ಮೈಸೂರುಪಾಕು ಹಂಚಿದರು. 2017ರ ಕೊನೆಗೆ ಜನರಲ್ ಮೋಟರ್ಸ್ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಅದರ ಹೆಸರಿನ ಬಾಳೆಹಣ್ಣು ಇನ್ನೂ ನಿಂತಿಲ್ಲ.

ಕೀಟೋ ಬಗ್ಗೆ ಹೆಚ್ಚು ಹೇಳಲಾರೆ. 1920ರ ದಶಕದಲ್ಲಿ ಅಮೆರಿಕದ ವೈದ್ಯರು ಮೂರ್ಛೆರೋಗಿಗಳಿಗೆಂದು ಮಾಡಿದ, ಅನ್ನ-ರೊಟ್ಟಿ ತೀರ ಕಡಿಮೆ ಮಾಡಿ ಕೊಬ್ಬು ಹೆಚ್ಚು ತಿನ್ನಿಸುವ ಪಥ್ಯ ಅದು. ನನ್ನ ಭಾವಮೈದುನ ಅದನ್ನು ತುಪ್ಪ ತಿನ್ನಲು ಸಿಕ್ಕ ವೈದ್ಯಕೀಯ ಪರವಾನಗಿ ಎಂದು ಓದಿಕೊಂಡ. ಮದುವೆಮನೆಯ ಪಂಕ್ತಿಯಲ್ಲಿ ‘ಅನ್ನ ಬೇಡ, ತುಪ್ಪ ಹಾಕಿ’ ಎಂದು ಬರಿಯ ಎಲೆಗೆ ತುಪ್ಪ ಹಾಕಿಸಿಕೊಂಡು, ಅದು ಹರಿದುಹೋಗದಂತೆ ತಡೆಯಲು ಒಂದು ಹೋಳಿಗೆ ಇಡಿಸಿಕೊಂಡ. ಕಟ್ಟೆ ಗಟ್ಟಿಯಾಗಲಿಲ್ಲವೆಂದು ಇನ್ನೊಂದು.

ಉಪವಾಸದ ಸಂಗತಿ ಇನ್ನೂ ಘನವಾದದ್ದು. ಉಪವಾಸಕ್ಕೆ ನೊಬೆಲ್ ಸಿಕ್ಕಿದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ನನಗೇ ಇಪ್ಪತ್ತು ಸಲ ಬಂದಿರಬಹುದು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ವೈದ್ಯಕೀಯ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನದೇ ಸವಕಲು ಭಾಗಗಳನ್ನು ಹೇಗೆ ತಿಂದು ಜೀರ್ಣಿಸಿಕೊಳ್ಳುತ್ತದೆಂದು ಅವರು ಕಂಡುಹಿಡಿದದ್ದೂ ನಿಜ. ಅವರು ಉಪವಾಸ ಕೆಡವಿದ್ದು ಯೀಸ್ಟನ್ನು, ರಾಯರನ್ನಲ್ಲ. ರಾಯರು ಹದಿನಾರು ಗಂಟೆ ಬಿಟ್ಟು ಎಂಟು ಗಂಟೆಯೊಳಗೆ ಉಣ್ಣುವ ಕ್ರಮ ಹಿಡಿದರು. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆರೆಯುತ್ತದೆ, ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ಏಳೂ ಐವತ್ತಕ್ಕೆ ಅವರ ಮನೆಯಲ್ಲಿ ಕೊನೆಯ ಬಸ್ಸು ಹೊರಟಂಥ ಗಡಿಬಿಡಿ. ಹಸಿವಿಲ್ಲದಿದ್ದರೂ, ಮುಂದೆ ಹದಿನಾರು ಗಂಟೆ ಏನೂ ಸಿಗದಲ್ಲ ಎಂಬ ದಿಗಿಲಿಗೆ, ಎರಡು ತಟ್ಟೆ ಮೊಸರನ್ನ. ಆ ದಿನಗಳಲ್ಲಿ ಲಾಲ್‌ಬಾಗಿನ ರಸ ಮತ್ತು ದೋಸೆಗೆ ಏನಾಯಿತೆನ್ನುತ್ತೀರೋ? ವಾಯುವಿಹಾರ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತದೆಯಂತೆ, ಊಟದ ಲೆಕ್ಕಕ್ಕಲ್ಲ.

‘ನಮ್ಮ ಹಿರಿಯರ ಏಕಾದಶಿಯೇ ಸರಿಯಪ್ಪ’ ಎಂದು ನೀವು ಎದೆಯುಬ್ಬಿಸುವ ಮೊದಲು ನಮ್ಮ ಅಜ್ಜಿಯ ಏಕಾದಶಿಯನ್ನೂ ಹೇಳಿಬಿಡುತ್ತೇನೆ. ಆ ದಿನ ಮನೆಯಲ್ಲಿ ಅನ್ನ ನಿಷಿದ್ಧ. ಹಾಗಾಗಿ ಬೆಳಿಗ್ಗೆ ಸಜ್ಜಿಗೆ, ಮಧ್ಯಾಹ್ನ ಸಬ್ಬಕ್ಕಿ ಪಾಯಸ, ಸಂಜೆ ಗೋಧಿ ದೋಸೆ, ನಡುನಡುವೆ ಹಣ್ಣು, ಹಾಲು. ಮರುದಿನ ದ್ವಾದಶಿಯ ಪಾರಣೆಗೆ ಹಿಂದಿನ ದಿನದ ಬಾಕಿ ವಸೂಲಿ. ನಿಜವಾದ ಉಪವಾಸ ಮಾಡಿದ್ದು ರಾಗಿ ಒಂದೇ. ಭತ್ತಕ್ಕೂ ಅದಕ್ಕೂ ಜಗಳವಾದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಕಥೆಯನ್ನು ಕನಕದಾಸರು ಹೇಳಿದ್ದಾರೆ. ಭತ್ತ ಕೆಟ್ಟಿತು, ರಾಗಿ ಜಗ್ಗಲಿಲ್ಲ. ಅಂಥ ರಾಗಿಯನ್ನು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ನಾವು ಬೆಣ್ಣೆ ಬಿಸ್ಕತ್ತು ಮಾಡಿ ಡಬ್ಬಿಗೆ ತುಂಬಿದೆವು. ನಮ್ಮ ಮನೆಯಲ್ಲೂ ಮುದ್ದೆ ಮರಳಿ ಬಂದಿದೆ. ಮುದ್ದೆಯಾದ ಮೇಲೆ ಅನ್ನ ಸಾರು, ಅನ್ನ ಮಜ್ಜಿಗೆ ಎಂದಿನಂತೆಯೇ.

2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಾಗ ರಾಯರು ತುಂಬ ಉತ್ಸಾಹದಿಂದ ವಿಚಾರಿಸಿದರು. ವಾರಕ್ಕೊಂದು ಸೂಜಿ, ಹಸಿವೇ ಕುಗ್ಗುತ್ತದೆ ಎಂದು ವೈದ್ಯರು ವಿವರಿಸಿದರಂತೆ. ರಾಯರು ಬೇಸರದಿಂದ ಮರಳಿದರು. ‘ಹಸಿವೇ ಆಗದಿದ್ದರೆ ಪಥ್ಯ ಮಾಡುವುದು ಹೇಗೆ ಸ್ವಾಮಿ?’

ಕಳೆದ ಭಾನುವಾರ ಲಾಲ್‌ಬಾಗಿನ ಹೊರಗೆ, ರಸದ ಡಬ್ಬಗಳಾಚೆ, ಫುಟ್‌ಪಾತಿನ ಮೇಲೆ ತೂಕದ ಯಂತ್ರವನ್ನಿಟ್ಟುಕೊಂಡು ಕುಳಿತಿದ್ದ ಮುದುಕನೊಬ್ಬನನ್ನು ಕಂಡೆವು. ಒಂದು ಸಲ ಹತ್ತಿದರೆ ಐದು ರೂಪಾಯಿ. ಆತನೇ ಹತ್ತಿದರೆ ಮುಳ್ಳು ಅಲುಗಾಡೀತೋ ಇಲ್ಲವೋ ಎಂಬಂಥ ಮೈ. ರಾಯರು ಬೂಟು ಬಿಚ್ಚಿದರು. ಕೈಗಡಿಯಾರ, ಮೊಬೈಲು, ಬೀಗದ ಕೈ ಗೊಂಚಲು, ಕೊನೆಗೆ ಕನ್ನಡಕವನ್ನೂ ನನ್ನ ಕೈಗಿತ್ತು ಹತ್ತಿ ನಿಂತರು. ಕನ್ನಡಕವಿಲ್ಲದ್ದರಿಂದ ಅಂಕಿಯನ್ನು ನಾನೇ ಓದಬೇಕಾಯಿತು. ‘ತೊಂಬತ್ತೊಂದು’ ಎಂದೆ. ‘ಸಾಧ್ಯವೇ ಇಲ್ಲ, ಯಂತ್ರ ಕೆಟ್ಟಿದೆ’ ಎಂದರು.

ಮುದುಕ ತಲೆಯೆತ್ತಿ ನೋಡಿದ. ‘ಕೈಯಲ್ಲಿರುವ ರಸದ ಲೋಟ ಇಳಿಸಿ ನಿಂತುಕೊಳ್ಳಿ ಬುದ್ಧಿ’ ಎಂದ.

ರಾಯರಿಗೆ ಅದು ಸರಿಯೆನಿಸಿತು. ಲೋಟವನ್ನು ಬಾಯಿಗಿಟ್ಟು ತುಂಬು ಬೂದುಗುಂಬಳದ ರಸವನ್ನು ಒಂದೇ ಗುಟುಕಿಗೆ ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ‘ಈಗ ನೋಡಿ’ ಎಂದರು.