ತೌಬಾ ಮತ್ತು ಮನುಷ್ಯರ ಬಾಕಿ

ಮುಸ್ಲಿಮರು ಕ್ಷಮೆ ಬೇಡುವ ಶಬೇ ಬರಾತ್ ರಾತ್ರಿಯ ಪ್ರಾರ್ಥನೆ, ಕಣ್ಣೀರು, ಅಲ್ಲಾಹನ ಕರುಣೆಯ ಕುರಿತು ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಕುರ್‌ಆನ್‌ನ 39ನೇ ಅಧ್ಯಾಯದ 53ನೇ ವಚನವನ್ನು ನೆನಪಿಸಿದ್ದಕ್ಕೆ ಧನ್ಯವಾದ. ಎಷ್ಟೇ ಪಾಪ ಮಾಡಿದವರೂ ಅವನ ಕರುಣೆಯ ಬಗ್ಗೆ ನಿರಾಶರಾಗಬಾರದು ಎಂಬ ಆ ಮಾತು ಬಿದ್ದವರನ್ನು ಎತ್ತಿ ನಿಲ್ಲಿಸುವಂಥದ್ದು. ಆದರೆ ಅರ್ಧ ವಿಷಯ ಉಳಿದುಹೋಗಿದೆ ಸರ್.

ಪಾಪವನ್ನು ಬಿಡುವುದು, ಪಶ್ಚಾತ್ತಾಪ ಪಡುವುದು, ಮತ್ತೆ ಅತ್ತ ಸುಳಿಯುವುದಿಲ್ಲವೆಂದು ನಿಶ್ಚಯಿಸುವುದು ತೌಬಾದ, ಅಂದರೆ ಪಾಪದಿಂದ ಅಲ್ಲಾಹನತ್ತ ಮರಳುವುದರ, ಷರತ್ತುಗಳು. ಮನುಷ್ಯರಿಗೆ ಅನ್ಯಾಯ ಮಾಡಿದ್ದರೆ ಅವರ ಹಕ್ಕನ್ನು ಹಿಂದಿರುಗಿಸಬೇಕೆಂಬ ನಾಲ್ಕನೆಯದನ್ನೂ ವಿದ್ವಾಂಸರು ಸೇರಿಸಿದ್ದಾರೆ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿದವನ ಕೂಲಿಯನ್ನು ಯಾರಾದರೂ ಹಿಡಿದಿಟ್ಟರೆ, ರಾತ್ರಿಯಿಡೀ ಹಣೆ ನೆಲಕ್ಕಿಟ್ಟು ಸಜ್ದಾದಲ್ಲಿದ್ದರೂ ಆ ಬಾಕಿ ತೀರುವುದಿಲ್ಲ. ನಿಜವಾದ ದಿವಾಳಿಕೋರ ಯಾರೆಂದು ಪ್ರವಾದಿಯವರು ಹೇಳಿದ್ದು ಸಹೀಹ್ ಮುಸ್ಲಿಮ್ ಎಂಬ ಪ್ರವಾದಿ ವಚನಗಳ ಸಂಗ್ರಹದಲ್ಲಿದೆ: ಅಂತಿಮ ತೀರ್ಪಿನ ದಿನ ನಮಾಜ್, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲವನ್ನೂ ಹೊತ್ತು ಬಂದು, ತಾನು ಬೈದ, ಹೊಡೆದ, ಹಣ ನುಂಗಿದ ಜನರಿಗೆ ಆ ಪುಣ್ಯವನ್ನೆಲ್ಲ ಕೊಟ್ಟು ಕಳೆದುಕೊಂಡು, ಸಾಲದ್ದಕ್ಕೆ ಅವರ ಪಾಪವನ್ನೂ ಹೊರುವವನು. ಇದನ್ನು ಓದಿದಾಗಲೆಲ್ಲ ನನಗೆ ಭಯವಾಗುತ್ತದೆ.

ವಿನಯದ ಪರೀಕ್ಷೆಯೂ ಇಲ್ಲಿಯೇ ಇದೆ. ದಿನಕ್ಕೆ 70ಕ್ಕೂ ಹೆಚ್ಚು ಬಾರಿ ಕ್ಷಮೆ ಬೇಡುತ್ತೇನೆಂದು ಪ್ರವಾದಿಯವರೇ ಹೇಳಿರುವಾಗ, ಹಮಾಲಿಯೊಬ್ಬರ ಎದುರು ನಿಂತು ‘ತಪ್ಪಾಯಿತು, ನಿಮ್ಮ ಹಣ ತೆಗೆದುಕೊಳ್ಳಿ’ ಎನ್ನಲು ನಮಗೇಕೆ ಸಂಕೋಚ?

ಹಕ್ಕುದಾರ ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಯಾರೂ ಸಿಗದಿದ್ದರೆ ಅವರ ಪರವಾಗಿ ದಾನ ಮಾಡಬೇಕು. ಮುಂದಿನ ಬರಹದಲ್ಲಿ ದಯವಿಟ್ಟು ಇದನ್ನು ವಿವರಿಸಿ.