ಇನ್ಫಿನಿಟಿ ದಾಟಿ ಓಡುವ ಅಡಾಪ್ಟರ್‌ಗಳು

ಹಳೇ ಲೆನ್ಸ್‌ನ ಫೋಕಸ್ ರಿಂಗನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರದ ಗುರುತಿಗೆ, ತಿರುಗಿಸಿದರೆ ದೂರದ ಬೆಟ್ಟ ಚೂಪಾಗಿ ಬರಬೇಕು ತಾನೇ? ಆ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಅಡಾಪ್ಟರ್ ಅಗ್ಗದ್ದಾದರೆ ಅದೂ ಮಸುಕು.

ಲೆಕ್ಕವೇನೂ ಗುಟ್ಟಲ್ಲ. ಎಂ42 ಎಂಬ ಹಳೇ ಸ್ಕ್ರೂ ಮಾದರಿಯ ಲೆನ್ಸ್‌ಗೆ ಮೌಂಟ್‌ನಿಂದ (ಲೆನ್ಸ್ ಕೂರುವ ಜಾಗ) ಸೆನ್ಸರ್‌ವರೆಗೆ 45.46 ಮಿ.ಮೀ. ಬೇಕು, ಸೋನಿ ಮಿರರ್‌ಲೆಸ್ ಕ್ಯಾಮೆರಾಗಳ ಇ ಮೌಂಟ್‌ನಲ್ಲಿ ಇರುವುದು 18. ಉಳಿದ 27.46 ಅಡಾಪ್ಟರ್‌ನದು. ಚೂರು ದಪ್ಪವಾದರೆ ಇನ್ಫಿನಿಟಿ ಸಿಗುವುದೇ ಇಲ್ಲ, ಗಿರಾಕಿ ವಾಪಸ್ ಕಳಿಸುತ್ತಾನೆ. ಆ ತಲೆನೋವೇ ಬೇಡವೆಂದು ತಯಾರಕರು ಗಿಡ್ಡವಾಗಿಯೇ ಕಡೆದು ಕೈತೊಳೆದುಕೊಳ್ಳುತ್ತಾರೆ! ಬರೀ 0.1 ಮಿ.ಮೀ. ಕಡಿಮೆಯಾದರೆ 50 ಎಂಎಂ ಲೆನ್ಸ್‌ನಲ್ಲಿ ಬೆಟ್ಟ ಚೂಪಾಗುವುದು ರಿಂಗಿನ 25 ಮೀಟರ್ ಗುರುತಿನ ಹತ್ತಿರ; ಇನ್ಫಿನಿಟಿ ಗುರುತಿಗೆ ತಿರುಗಿಸಿದರೆ ಫೋಕಸ್ ಬೆಟ್ಟವನ್ನೂ ದಾಟಿ ಹೋಗಿರುತ್ತದೆ. 28 ಎಂಎಂನಲ್ಲಿ 8 ಮೀಟರ್‌ಗೇ. ವೈಡ್ ಲೆನ್ಸ್‌ನಲ್ಲಿ ದೂರದ ಸ್ಕೇಲ್ ನೋಡಿ ಮೊದಲೇ ಫೋಕಸ್ ಇಟ್ಟುಕೊಳ್ಳುವವರ (ಜೋನ್ ಫೋಕಸ್) ಗತಿ? ಫ್ಲೋಟಿಂಗ್ ಎಲಿಮೆಂಟ್ (ಫೋಕಸ್ ಜೊತೆ ಅಂತರ ಬದಲಿಸುವ ಒಳಗಾಜು) ಇರುವ ಲೆನ್ಸ್‌ಗಳಲ್ಲಿ ಚಿತ್ರದ ಮೂಲೆಗಳೂ ಕೆಡುತ್ತವೆ.

ಎರಡು ತುಂಡಾಗಿ ಬಿಚ್ಚುವ ಅಡಾಪ್ಟರ್ ಆದರೆ ಪರವಾಗಿಲ್ಲ: ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆದು, ಸ್ಕ್ರೂ ಬಿಚ್ಚಿ, ನಡುವೆ 0.05 ಅಥವಾ 0.1 ಮಿ.ಮೀ. ದಪ್ಪದ ಶಿಮ್ (ತೆಳು ಪಟ್ಟಿ) ಸುತ್ತಲೂ ಒಂದೇ ಸಮ ಕೂರಿಸಬೇಕು. ಒಂದು ಕಡೆ ಮಾತ್ರ ಎದ್ದರೆ ಫ್ರೇಮ್‌ನ ಆ ಬದಿಯೇ ಮಸುಕಾಗುತ್ತದೆ. ಒಂದೇ ತುಂಡಿನದಾದರೆ? ಡ್ರಾಯರ್‌ಗೆ ಹಾಕಿ, ಇನ್ನೊಂದು ಕೊಳ್ಳಿ. ಅದೂ ಗಿಡ್ಡವಾಗಿಯೇ ಇರುತ್ತದೆ ಅನ್ನಿ.